ಫೀಸು ಗೊತ್ತು, ತಿಂಗಳ ಖರ್ಚು ಗೊತ್ತಿಲ್ಲ

(ಸಂಸ್ಥೆಯ ವಾರ್ಷಿಕ ಸಭೆಯಲ್ಲಿ ಪಾಲಕರು ಮತ್ತು ವಿದ್ಯಾರ್ಥಿಗಳ ಮುಂದೆ ಮಾಡಿದ ಭಾಷಣದ ಬರಹರೂಪ)



 

ನಮ್ಮ ಸಭೆಗಳಲ್ಲಿ ಶಿಕ್ಷಣದ ಮಹತ್ವ ಕುರಿತು ಸಾಕಷ್ಟು ಭಾಷಣಗಳಾಗಿವೆ. 'ಇಕ್ರಾ' ಎಂಬ ಶಬ್ದದಿಂದ ಆರಂಭಿಸಿ ವಿಜ್ಞಾನದವರೆಗೆ ಹಿರಿಯರು ಚೆನ್ನಾಗಿ ತಿಳಿಸಿ ಹೇಳಿದ್ದಾರೆ. ಅದನ್ನು ಮತ್ತೆ ಹೇಳಲು ನಾನು ನಿಂತಿಲ್ಲ. ನಾನು ಮಾತಾಡಬೇಕೆಂದಿರುವುದು ರೂಮಿನ ಬಾಡಿಗೆ, ಮೆಸ್ಸಿನ ಬಿಲ್ಲು, ಹಾಸಿಗೆ, ಬಕೆಟ್ಟು, ರಿಚಾರ್ಜು, ಜೆರಾಕ್ಸು, ಇಂಥ ಸಣ್ಣ ಸಂಗತಿಗಳ ಬಗ್ಗೆ. ವೇದಿಕೆಗೆ ಇವು ಶೋಭಿಸುವುದಿಲ್ಲ ಎಂದು ಯಾರಿಗಾದರೂ ಅನ್ನಿಸಿದರೆ ಕ್ಷಮಿಸಬೇಕು. ನಮ್ಮ ಮಕ್ಕಳ ಓದು ಅರ್ಧಕ್ಕೆ ನಿಲ್ಲುತ್ತಿರುವುದು ಇವುಗಳಿಂದಲೇ.

ಪಿ.ಯು.ಸಿ. ಫಲಿತಾಂಶ ಬಂದ ವಾರದಲ್ಲಿ ಪಾಲಕರು ನಮ್ಮಂಥ ಶಿಕ್ಷಕರನ್ನು ಹುಡುಕಿಕೊಂಡು ಬರುತ್ತಾರೆ. ಮೊದಲ ಪ್ರಶ್ನೆ, "ಫೀಸ್ ಎಷ್ಟಾಗುತ್ತೆ?" ಎರಡನೆಯದು, "ಕಾಲೇಜು ಒಳ್ಳೇದಾ?" ಮೂರನೆಯದು, ಹುಡುಗಿಯಾದರೆ, "ದೂರ ಎಷ್ಟು?" ಅಲ್ಲಿ ಇರಲು ತಿಂಗಳಿಗೆ ಎಷ್ಟು ಬೇಕು ಎಂದು ಕೇಳಿದವರು ಇಷ್ಟು ವರ್ಷಗಳಲ್ಲಿ ಬೆರಳೆಣಿಕೆಯಷ್ಟು ಜನ. ಫೀಸಿಗೆ ರಸೀದಿ ಇದೆ, ಕೊನೆಯ ದಿನಾಂಕ ಇದೆ, ಆದ್ದರಿಂದ ಅದು ಕಣ್ಣಿಗೆ ಕಾಣುತ್ತದೆ. ಇರುವ ಖರ್ಚಿಗೆ ರಸೀದಿ ಇಲ್ಲ. ಅದು ಪ್ರತಿ ತಿಂಗಳು ಸದ್ದಿಲ್ಲದೆ ಬರುತ್ತದೆ.

ನಮ್ಮ ಶಾಲೆಯಲ್ಲಿ ಓದಿದ ಒಬ್ಬ ಹುಡುಗನ ವಿಷಯ ಹೇಳುತ್ತೇನೆ, ಹೆಸರು ಬೇಡ. ಬಿ.ಕಾಂ. ಓದಲು ಕಲಬುರಗಿಗೆ ಹೋದ. ಮೊದಲ ವರ್ಷದ ಫೀಸನ್ನು ನಮ್ಮ ಸಮಾಜದ ಹಿರಿಯರೇ ಸೇರಿ ತುಂಬಿದರು, ಎರಡನೇ ವರ್ಷದ್ದೂ ತುಂಬಿದರು. ತಂದೆ ವೆಲ್ಡಿಂಗ್ ಕೆಲಸದವರು. ನಡುವೆ ಎರಡು ತಿಂಗಳು ಅವರಿಗೆ ಕೆಲಸ ಸರಿಯಾಗಿ ಸಿಗಲಿಲ್ಲ. ಮೆಸ್ಸಿನ ಬಾಕಿ ನಿಂತಿತು, ರೂಮಿನ ಜೊತೆಗಾರರು ಇವನ ಪಾಲಿನ ಬಾಡಿಗೆಯನ್ನು ಒಂದು ತಿಂಗಳು ಹಾಕಿದರು, ಎರಡನೇ ತಿಂಗಳು ಅವರಿಗೂ ಆಗಲಿಲ್ಲ. ಬಕ್ರೀದಿಗೆ ಊರಿಗೆ ಬಂದವನು ತಿರುಗಿ ಹೋಗಲಿಲ್ಲ. ಈಗ ಮೊಬೈಲ್ ಅಂಗಡಿಯೊಂದರಲ್ಲಿ ಕೂರುತ್ತಾನೆ. ಅಂಕ ಕಡಿಮೆ ಇರಲಿಲ್ಲ, ಫೀಸು ಬಾಕಿ ಇರಲಿಲ್ಲ. ಎರಡು ತಿಂಗಳ ಊಟ ಮತ್ತು ಬಾಡಿಗೆಯ ದುಡ್ಡು ಹೊಂದಲಿಲ್ಲ, ಅಷ್ಟಕ್ಕೆ ಓದು ಮುಗಿಯಿತು. ಎರಡು ವರ್ಷ ತುಂಬಿದ ಫೀಸೂ ಅದರ ಜೊತೆಗೇ ಹೋಯಿತು.

ಒಂದು ಊರಿನಿಂದ ಇನ್ನೊಂದು ಊರಿಗೆ ಹೋದರೆ ಬದುಕಿನ ಬೆಲೆ ಬದಲಾಗುತ್ತದೆ ಎಂಬುದನ್ನು ಸರಕಾರ ಲಿಖಿತವಾಗಿ ಒಪ್ಪಿಕೊಂಡಿದೆ. ಕೇಂದ್ರ ಸರಕಾರಿ ನೌಕರರ ಮನೆ ಬಾಡಿಗೆ ಭತ್ಯೆಯ ನಿಯಮ ನೋಡಿ. ಜನಸಂಖ್ಯೆಯ ಮೇಲೆ ಊರುಗಳನ್ನು ಮೂರು ವರ್ಗ ಮಾಡಿದ್ದಾರೆ. 50 ಲಕ್ಷಕ್ಕೂ ಮೇಲ್ಪಟ್ಟವು ಎಕ್ಸ್, 5 ಲಕ್ಷದಿಂದ 50 ಲಕ್ಷದವರೆಗೆ ವೈ, ಉಳಿದವು ಝಡ್. ಬೆಂಗಳೂರು, ಹೈದರಾಬಾದು ಎಕ್ಸ್. ನಮ್ಮ ರಾಜ್ಯದ ಮಧ್ಯಮ ಗಾತ್ರದ ನಗರಗಳಾದ ಮೈಸೂರು, ಹುಬ್ಬಳ್ಳಿ-ಧಾರವಾಡ, ಬೆಳಗಾವಿ, ಮಂಗಳೂರು, ಕಲಬುರಗಿ ಇವು ವೈ. ನಮ್ಮ ಬೀದರು ಝಡ್. 2024ರ ಜನವರಿಯಿಂದ ಈ ಭತ್ಯೆ ಕ್ರಮವಾಗಿ ಮೂಲ ವೇತನದ ಶೇ. 30, ಶೇ. 20, ಶೇ. 10 ಆಯಿತು. ಮೂಲ ವೇತನ 30,000 ಇರುವ ಒಬ್ಬ ನೌಕರ ಬೀದರಿನಲ್ಲಿದ್ದರೆ ಬಾಡಿಗೆಗೆಂದು 3,000, ಕಲಬುರಗಿಗೆ ವರ್ಗವಾದರೆ 6,000, ಹೈದರಾಬಾದಿಗೆ ಹೋದರೆ 9,000. ಅದೇ ಮನುಷ್ಯ, ಅದೇ ಕೆಲಸ. ಊರು ಬದಲಾಯಿತು, ಸರಕಾರ ಅವನ ಲೆಕ್ಕ ಬದಲಾಯಿಸಿತು. ನಾವು ಮಾತ್ರ ಮಗನನ್ನು ಕಲಬುರಗಿಗೆ ಕಳಿಸಿ ಬೀದರಿನ ಲೆಕ್ಕದಲ್ಲಿ ದುಡ್ಡು ಕಳಿಸುತ್ತೇವೆ. ತಿಂಗಳ 20ನೇ ತಾರೀಖಿಗೆ ಅವನ ಫೋನು ಬಂದರೆ, "ಇಷ್ಟು ಬೇಗ ಹೇಗೆ ಮುಗೀತು? ಹೋಟೆಲಿಗೆ ಹೋಗ್ತೀಯಾ?" ಎಂದು ಗದರುತ್ತೇವೆ.

ಬೀದರಿನ ಲೆಕ್ಕ ಎಂದೆನಲ್ಲ, ಅದನ್ನು ಸ್ವಲ್ಪ ಬಿಡಿಸಿ ಹೇಳಬೇಕು. ಎಲ್ಲದಕ್ಕಿಂತ ಮುಖ್ಯವಾದ ವಿಷಯ ಇಲ್ಲೇ ಇದೆ.

ಒಂಬತ್ತನೇ ತರಗತಿಯ ಮಕ್ಕಳಿಗೆ ಒಮ್ಮೆ ಒಂದು ಕೆಲಸ ಕೊಟ್ಟೆ. ಮನೆಯ ಒಂದು ತಿಂಗಳ ಖರ್ಚನ್ನು ಉರ್ದುವಿನಲ್ಲಿ ಒಂದು ಪುಟ, ಕನ್ನಡದಲ್ಲಿ ಒಂದು ಪುಟ ಬರೆದು ತನ್ನಿ ಎಂದೆ. ಭಾಷೆಯ ಅಭ್ಯಾಸಕ್ಕೆಂದು ಕೊಟ್ಟದ್ದು, ಆದರೆ ನನಗೇ ಪಾಠವಾಯಿತು. ಹೆಚ್ಚಿನ ಮಕ್ಕಳು ಕಿರಾಣಿ, ಹಾಲು, ಕರೆಂಟು, ಗ್ಯಾಸು, ಆಟೋ, ಟ್ಯೂಷನ್ ಎಂದು ಬರೆದಿದ್ದರು. ಬಾಡಿಗೆಯನ್ನು ಕೆಲವರೇ ಬರೆದಿದ್ದರು, ಉಳಿದವರು ಅಜ್ಜನ ಕಾಲದ ಮನೆಯಲ್ಲಿರುವವರು. ಜೋಳವನ್ನು ಯಾರೂ ಬರೆದಿರಲಿಲ್ಲ. "ಯಾಕಪ್ಪಾ, ರೊಟ್ಟಿ ತಿನ್ನೋದಿಲ್ವಾ?" ಎಂದರೆ, "ಜೋಳ ನಾನಿಯ ಊರಿಂದ ಬರ್ತದೆ" ಎಂದು ಒಬ್ಬ, "ಔರಾದಿನ ಹೊಲದ್ದು" ಎಂದು ಇನ್ನೊಬ್ಬ. ತೊಗರಿ ಬೇಳೆಯೂ ಹಾಗೆಯೇ. ತಂಗಿಯನ್ನು ನೋಡಿಕೊಳ್ಳುವುದು ದಾದಿ, ಬಟ್ಟೆ ಹೊಲಿಯುವುದು ಅಮ್ಮಿ, ಸೈಕಲ್ಲು ಚಾಚಾನ ಮಗನದ್ದು, ಜ್ವರ ಬಂದರೆ ಕರೆದುಕೊಂಡು ಹೋಗುವುದು ಪಕ್ಕದ ಮನೆಯ ಭಾಯ್. ಕಿರಾಣಿ ಅಂಗಡಿಯಲ್ಲಿ ಉದ್ರಿ ಖಾತೆ ಇದೆ. ಈ ತಿಂಗಳು ಆಗದಿದ್ದರೆ ಮುಂದಿನ ತಿಂಗಳು. ಇದೊಂದೂ ಖರ್ಚಿನ ಪಟ್ಟಿಯಲ್ಲಿ ಬರುವುದಿಲ್ಲ. ಆದರೆ ನಮ್ಮ ಸಂಸಾರಗಳು ನಿಂತಿರುವುದೇ ಇವುಗಳ ಮೇಲೆ.

ಹುಡುಗ ಬಸ್ಸು ಹತ್ತಿ ಕಲಬುರಗಿಯಲ್ಲಿ ಇಳಿದ ಕೂಡಲೇ ಇವೆಲ್ಲವೂ ಒಮ್ಮೆಗೇ ರೊಕ್ಕವಾಗುತ್ತವೆ. ಅಜ್ಜನ ಮನೆ ಬಾಡಿಗೆಯಾಗುತ್ತದೆ, ನಾನಿಯ ಜೋಳ ಮೆಸ್ಸಿನ ಬಿಲ್ಲಾಗುತ್ತದೆ, ಅಮ್ಮಿಯ ಕೈ ಲಾಂಡ್ರಿಯಾಗುತ್ತದೆ. ಅಲ್ಲಿ ಉದ್ರಿ ಕೊಡುವ ಅಂಗಡಿ ಇಲ್ಲ, ಮುಖಪರಿಚಯವೇ ಇಲ್ಲದವನಿಗೆ ಯಾರು ಕೊಟ್ಟಾರು? ದೊಡ್ಡ ಊರಿನಲ್ಲಿ ಬೇಳೆಯ ದರ ಬೀದರಿಗಿಂತ ಬಹಳ ಹೆಚ್ಚೇನೂ ಇರುವುದಿಲ್ಲ. ಊರಲ್ಲಿ ದುಡ್ಡು ಕೊಡದೆ ನಡೆಯುತ್ತಿದ್ದ ನೂರು ಕೆಲಸಗಳಿಗೆ ಅಲ್ಲಿ ದುಡ್ಡು ಕೊಡಬೇಕು, ಭಾರ ಇರುವುದು ಅಲ್ಲಿ.

ಅಂಕಿ ಅಂಶದವರಿಗೂ ಈ ಭೇದ ಗೊತ್ತಿದೆ. 2012ನ್ನು ಆಧಾರ ವರ್ಷವಾಗಿ ಇಟ್ಟುಕೊಂಡು ಮಾಡಿದ್ದ ಗ್ರಾಹಕ ಬೆಲೆ ಸೂಚ್ಯಂಕದ ಸರಣಿಯಲ್ಲಿ ನಗರದ ಸೂಚ್ಯಂಕಕ್ಕೆ ವಸತಿಯ ತೂಕ ಶೇ. 21.67 ಇತ್ತು. ಅದೇ ಸರಣಿಯ ಗ್ರಾಮೀಣ ಸೂಚ್ಯಂಕದಲ್ಲಿ ವಸತಿಯ ಬಾಬೇ ಇರಲಿಲ್ಲ. ಹಳ್ಳಿಯಲ್ಲಿ ಮನೆ ಎಂಬುದು ಲೆಕ್ಕಕ್ಕೆ ಬಾರದ ವಸ್ತುವಾಗಿತ್ತು, ಪಟ್ಟಣದಲ್ಲಿ ಅದು ಐದರಲ್ಲಿ ಒಂದು ಪಾಲಾಗಿತ್ತು. 2023-24ರ ಗೃಹಬಳಕೆ ವೆಚ್ಚ ಸಮೀಕ್ಷೆಯ ಪ್ರಕಾರ ದೇಶದ ಹಳ್ಳಿಗಳಲ್ಲಿ ಒಬ್ಬ ವ್ಯಕ್ತಿಯ ತಿಂಗಳ ಖರ್ಚು ಸರಾಸರಿ 4,122 ರೂ., ನಗರಗಳಲ್ಲಿ 6,996 ರೂ. ಇದು ಮನೆಯಲ್ಲಿ ಎಲ್ಲರೂ ಕೂಡಿ ಉಣ್ಣುವವರ ಸರಾಸರಿ ಎಂಬುದು ನೆನಪಿರಲಿ. ಒಂಟಿಯಾಗಿ ರೂಮು ಮಾಡಿಕೊಂಡಿರುವವನಿಗೆ ಕೂಡಿ ಉಣ್ಣುವ ಉಳಿತಾಯ ಸಿಗುವುದಿಲ್ಲ.

ಹಿಂದೆ ನಮ್ಮವರು ಓದಲು ಪರಊರಿಗೆ ಹೋಗಲಿಲ್ಲವೇ ಎಂದು ಹಿರಿಯರು ಕೇಳಬಹುದು. ಹೋಗಿದ್ದರು. 1956ರ ನವೆಂಬರ್ 1ರವರೆಗೆ ಬೀದರು ಹೈದರಾಬಾದ್ ರಾಜ್ಯದಲ್ಲಿತ್ತು. 1918ರಲ್ಲಿ ಸ್ಥಾಪನೆಯಾದ ಉಸ್ಮಾನಿಯಾ ವಿಶ್ವವಿದ್ಯಾಲಯ ಉರ್ದು ಮಾಧ್ಯಮದಲ್ಲಿ ಕಲಿಸುತ್ತಿತ್ತು. ಇಲ್ಲಿಂದ ಹೋದವರಿಗೆ ಅಲ್ಲಿ ಖಾಲಾನ ಮನೆ, ಮಾಮೂನ ಮನೆ ಇರುತ್ತಿತ್ತು. ಹಾಸಿಗೆ ಹಾಸಿ ಒಂದು ಮೂಲೆ ಕೊಡುತ್ತಿದ್ದರು. ನಾಲ್ಕು ವರ್ಷದ ಊಟವನ್ನು ಯಾರೂ ಲೆಕ್ಕ ಇಡುತ್ತಿರಲಿಲ್ಲ. ಅದು ಒಂದು ರೀತಿಯ ಸ್ಕಾಲರ್‌ಶಿಪ್ಪೇ, ಹೆಸರು ಇರಲಿಲ್ಲ ಅಷ್ಟೆ. ಇವತ್ತು ಆ ಖಾಲಾ ಎರಡು ಕೋಣೆಯ ಫ್ಲಾಟಿನಲ್ಲಿದ್ದಾರೆ, ಅವರ ಮಕ್ಕಳು ಬೆಳೆದಿದ್ದಾರೆ. ಅವರು ಮನಸ್ಸು ಮಾಡಿದರೂ ಜಾಗ ಎಲ್ಲಿದೆ? ಸಂಬಂಧಿಕರ ಮನಸ್ಸು ಸಣ್ಣದಾಯಿತು ಎಂದು ದೂರುವುದನ್ನು ನಾನು ಒಪ್ಪುವುದಿಲ್ಲ. ಮನೆ ಸಣ್ಣದಾಗಿದೆ.

ಇನ್ನು ರೂಮಿನ ಮಾತು. ಬೆಂಗಳೂರಿನಲ್ಲಿ ಹತ್ತು ತಿಂಗಳ ಬಾಡಿಗೆಯನ್ನು ಅಡ್ವಾನ್ಸ್ ಕೇಳುವ ರೂಢಿ ಬಹಳ ಕಾಲದಿಂದ ಇದೆ. ಹೈದರಾಬಾದಿನಲ್ಲಿ ಸಾಮಾನ್ಯವಾಗಿ ಎರಡು ಮೂರು ತಿಂಗಳದ್ದು ಸಾಕು. ಇದೇ ಕಾರಣಕ್ಕೆ ನಮ್ಮ ಕಡೆಯವರಿಗೆ ಹೈದರಾಬಾದು ಸುಲಭ ಎನ್ನಿಸುತ್ತದೆ, ದಾರಿಯೂ ಹತ್ತಿರ, ಭಾಷೆಯೂ ನಮ್ಮದೇ. ಆದರೆ ಅಲ್ಲಿ ಒಂದು ನಷ್ಟ ಇದೆ, ಅದನ್ನೂ ಲೆಕ್ಕಕ್ಕೆ ಹಿಡಿಯಬೇಕು. ಸಂವಿಧಾನದ 371(ಜೆ) ಅನುಚ್ಛೇದದಡಿ ನಮ್ಮ ಕಲ್ಯಾಣ ಕರ್ನಾಟಕದ ವಿದ್ಯಾರ್ಥಿಗಳಿಗೆ ಈ ಭಾಗದ ಶಿಕ್ಷಣ ಸಂಸ್ಥೆಗಳಲ್ಲಿ ಶೇ. 70, ರಾಜ್ಯದ ಉಳಿದ ಭಾಗದಲ್ಲಿ ಶೇ. 8 ಸೀಟುಗಳ ಮೀಸಲಾತಿ ಇದೆ. ರಾಜ್ಯದ ಗಡಿ ದಾಟಿದರೆ ಅದು ನಿಮ್ಮ ಜೊತೆ ಬರುವುದಿಲ್ಲ. ಸರಕಾರಿ ಸೀಟು ಬಿಟ್ಟು ಮ್ಯಾನೇಜ್‌ಮೆಂಟ್ ಸೀಟಿಗೆ ಹೋದರೆ ಉಳಿದ ಅಡ್ವಾನ್ಸಿನ ಹತ್ತು ಪಟ್ಟು ಬೇರೆ ಕಡೆ ಹೋಗುತ್ತದೆ.

ರೂಮು ಹುಡುಕುವಾಗ ನಮ್ಮ ಮಕ್ಕಳಿಗೆ ಎದುರಾಗುವ ಇನ್ನೊಂದು ಸಂಗತಿಯನ್ನು ಇಲ್ಲಿ ಮುಚ್ಚಿಡುವುದರಲ್ಲಿ ಅರ್ಥವಿಲ್ಲ. ಫೋನಿನಲ್ಲಿ ಖಾಲಿ ಇದ್ದ ರೂಮು ಹೆಸರು ಹೇಳಿದ ಮೇಲೆ ಭರ್ತಿಯಾಗಿರುತ್ತದೆ. ಎಲ್ಲ ಕಡೆಯೂ ಹೀಗೆ ಎನ್ನುವುದಿಲ್ಲ. ಎಷ್ಟೋ ಹಿಂದೂ ಮನೆ ಮಾಲೀಕರು ನಮ್ಮ ಹುಡುಗರನ್ನು ಮನೆಯ ಮಕ್ಕಳಂತೆ ನೋಡಿಕೊಂಡ ಉದಾಹರಣೆಗಳೂ ನನಗೆ ಗೊತ್ತು. ಆದರೆ ನಾಲ್ಕು ಕಡೆ 'ಇಲ್ಲ' ಎನ್ನಿಸಿಕೊಂಡವನು ಕೊನೆಗೆ ನಮ್ಮವರೇ ಹೆಚ್ಚಿರುವ ಒಂದೆರಡು ಮೊಹಲ್ಲಾಗಳಿಗೇ ಹೋಗುತ್ತಾನೆ. ಎಲ್ಲರೂ ಅಲ್ಲಿಗೇ ಹೋದರೆ ಬಾಡಿಗೆ ಏರುತ್ತದೆ. ಏರಿಸುವ ಮಾಲೀಕರು ಬಹಳ ಸಲ ನಮ್ಮವರೇ. ಪರಊರಿನ ಮಗುವಿನ ಇಕ್ಕಟ್ಟನ್ನು ನೋಡಿ ಬಾಡಿಗೆ ಏರಿಸುವುದು ಯಾವ ವ್ಯಾಪಾರ ಎಂದು ಅವರನ್ನೇ ಕೇಳಬೇಕು. ಈ ಮಾತನ್ನು ಬೀದರಿನ ಮಾಲೀಕರಿಗೂ ಹೇಳುತ್ತೇನೆ. ಕೋಚಿಂಗಿಗೆಂದು ಬೇರೆ ರಾಜ್ಯಗಳಿಂದಲೂ ಮಕ್ಕಳು ಈಗ ನಮ್ಮ ಊರಿಗೆ ಬರುತ್ತಿದ್ದಾರೆ, ಅವರಿಗೂ ತಾಯಿ ತಂದೆ ಇದ್ದಾರೆ.

ಈಗ ಒಂದು ಲೆಕ್ಕ ಮಾಡೋಣ. ಇದರಲ್ಲಿರುವ ಅಂಕಿಗಳು ಲೆಕ್ಕ ಕಲಿಯಲು ಹಿಡಿದವು, ನಿಮ್ಮ ಊರಿನ, ನಿಮ್ಮ ಕಾಲೇಜಿನ ಅಂಕಿಯನ್ನು ನೀವು ವಿಚಾರಿಸಿ ಹಾಕಿಕೊಳ್ಳಿ. ಫೀಸು ವರ್ಷಕ್ಕೆ 20,000 ಎಂದು ಹಿಡಿಯಿರಿ. ಮೂವರು ಕೂಡಿ ಮಾಡಿದ ರೂಮಿನಲ್ಲಿ ಒಬ್ಬನ ಪಾಲು 2,500. ಎರಡು ಹೊತ್ತಿನ ಮೆಸ್ಸಿಗೆ 3,000. ಬೆಳಗಿನ ಚಹಾ ನಾಷ್ಟಾ, ರಿಚಾರ್ಜು, ಸಾಬೂನು, ಜೆರಾಕ್ಸು, ಊರಿಗೆ ಬಂದು ಹೋಗುವುದು, ಎಲ್ಲಾ ಸೇರಿ 1,500. ತಿಂಗಳಿಗೆ 7,000 ಆಯಿತು, 10 ತಿಂಗಳಿಗೆ 70,000. ಫೀಸಿನ ಮೂರೂವರೆ ಪಟ್ಟು! ಇದರ ಮೇಲೆ ಮೊದಲ ತಿಂಗಳಿನ ಅಡ್ವಾನ್ಸು, ಹಾಸಿಗೆ, ಬಕೆಟ್ಟು, ಪುಸ್ತಕ. ನಾವು 20,000ಕ್ಕೆ ನಾಲ್ಕು ಕಡೆ ಅರ್ಜಿ ಹಾಕಿ, 70,000ವನ್ನು ಅಲ್ಲಾಹನ ಮೇಲೆ ಬಿಟ್ಟು ಮಗನನ್ನು ಕಳಿಸುತ್ತೇವೆ. ತವಕ್ಕುಲ್ ಎಂದರೆ ಒಂಟೆಯನ್ನು ಕಟ್ಟಿ ಆಮೇಲೆ ಭರವಸೆ ಇಡುವುದು ಎಂದು ಮದರಸಾದ ಮಗುವಿಗೂ ಗೊತ್ತು.

ನಮ್ಮ ಊರಿನಲ್ಲೇ ಇದಕ್ಕೊಂದು ದೊಡ್ಡ ಉದಾಹರಣೆ ನಿಂತಿದೆ. ಮಹಮೂದ್ ಗವಾನರ ಮದರಸಾವನ್ನು ನೀವೆಲ್ಲರೂ ನೋಡಿದ್ದೀರಿ, ಮುಂದೆ ನಿಂತು ಫೋಟೊ ತೆಗೆಸಿಕೊಂಡಿದ್ದೀರಿ. 1472ರ ಕಟ್ಟಡ ಅದು. ಎಲ್ಲರೂ ಅದರ ಮಿನಾರನ್ನು, ಬಣ್ಣದ ಹೆಂಚುಗಳನ್ನು, ಅಲ್ಲಿದ್ದ ಗ್ರಂಥಾಲಯವನ್ನು ಹೊಗಳುತ್ತಾರೆ. ನಾನು ಮಕ್ಕಳನ್ನು ಕರೆದುಕೊಂಡು ಹೋದಾಗ ಕೋಣೆಗಳನ್ನು ಎಣಿಸಲು ಹೇಳುತ್ತೇನೆ. ವಿದ್ಯಾರ್ಥಿಗಳಿಗೆ 36 ಕೋಣೆ, ಅಧ್ಯಾಪಕರಿಗೆ ಬೇರೆ ವಸತಿ, ಎಲ್ಲವೂ ಅದೇ ಕಟ್ಟಡದಲ್ಲಿ. ಪಾಠದ ಕೋಣೆ ಕಟ್ಟಿದವನು ಮಲಗುವ ಕೋಣೆಯನ್ನೂ ಅದೇ ನಕ್ಷೆಯಲ್ಲಿ ಹಾಕಿದ್ದಾನೆ. ಗೀಲಾನಿನಿಂದ ಪರದೇಶಿಯಾಗಿ ಬಂದ ಮನುಷ್ಯ, ಪರಊರಿನಲ್ಲಿ ತಲೆಯ ಮೇಲೆ ಸೂರು ಎಂದರೇನು ಎಂದು ಅವರಿಗೆ ಗೊತ್ತಿದ್ದಿರಬೇಕು.

ಅವರ ಸ್ವಂತ ಖರ್ಚಿನ ವಿಷಯವನ್ನೂ ಇತಿಹಾಸಕಾರ ಫರಿಶ್ತಾ ಬರೆದಿದ್ದಾನೆ. 1481ರಲ್ಲಿ ಅವರನ್ನು ಕೊಲ್ಲಿಸಿದ ಮೇಲೆ ಸುಲ್ತಾನನ ಕಡೆಯವರು ಭಾರೀ ಸಂಪತ್ತು ಸಿಗುತ್ತದೆಂದು ಖಜಾಂಚಿಯನ್ನು ವಿಚಾರಿಸಿದರು. ಹೆಚ್ಚೇನೂ ಸಿಗಲಿಲ್ಲ. ತಾವು ತಂದಿದ್ದ ಮೂಲ ಬಂಡವಾಳವನ್ನು ವ್ಯಾಪಾರದಲ್ಲಿ ತೊಡಗಿಸಿ, ಅದರಿಂದ ದಿನಕ್ಕೆ ಕೆಲವೇ ಲಾರಿಯಷ್ಟನ್ನು ತಮ್ಮ ಊಟಕ್ಕೆ ಇಟ್ಟುಕೊಂಡು ಉಳಿದದ್ದನ್ನು ಬಡವರಿಗೆ ಕೊಡುತ್ತಿದ್ದರಂತೆ. (ಲಾರಿ ಎಂದರೆ ಆ ಕಾಲದ ಬೆಳ್ಳಿ ನಾಣ್ಯ. ಒಮ್ಮೆ ತರಗತಿಯಲ್ಲಿ ಹೇಳಿದಾಗ ಹಿಂದಿನ ಬೆಂಚಿನವರು ಅಶೋಕ್ ಲೇಲ್ಯಾಂಡ್ ಎಂದುಕೊಂಡು ನಕ್ಕಿದ್ದರು.) ರಾಜ್ಯದ ವಜೀರರೇ ದಿನದ ಊಟದ ಲೆಕ್ಕ ಇಟ್ಟಿದ್ದರು. ನಾವು ಲೆಕ್ಕ ಇಡುವುದನ್ನು ಜಿಪುಣತನ ಎನ್ನುತ್ತೇವೆ. ಸೂರಾ ಫುರ್ಖಾನಿನಲ್ಲಿ ದುಂದಿಗೂ ಜಿಪುಣತನಕ್ಕೂ ನಡುವಿನ ದಾರಿಯ ಮಾತು ಇದೆ. ಬರೆದಿಡದವನಿಗೆ ನಡುವು ಯಾವುದು ಎಂದು ಹೇಗೆ ಗೊತ್ತಾಗಬೇಕು?

ಹುಡುಗಿಯರ ವಿಷಯಕ್ಕೆ ಬರುತ್ತೇನೆ. 2023ರ ಜೂನ್ 11ರಂದು ಶಕ್ತಿ ಯೋಜನೆ ಆರಂಭವಾದಾಗಿನಿಂದ ರಾಜ್ಯದೊಳಗೆ ಸರಕಾರಿ ಸಾಮಾನ್ಯ ಬಸ್ಸುಗಳಲ್ಲಿ ಕರ್ನಾಟಕದ ಹೆಣ್ಣುಮಕ್ಕಳಿಗೆ ಟಿಕೆಟಿನ ದುಡ್ಡು ಇಲ್ಲ. ಇದರಿಂದ ನಮ್ಮ ಜಿಲ್ಲೆಯ ಲೆಕ್ಕವೇ ಬದಲಾಗಿದೆ, ನಾವು ಇನ್ನೂ ಗಮನಿಸಿದಂತಿಲ್ಲ. ಭಾಲ್ಕಿಯಿಂದಾಗಲಿ ಔರಾದಿನಿಂದಾಗಲಿ ಬೀದರಿಗೆ ಸುಮಾರು 40 ಕಿಲೋಮೀಟರು. ದಿನಾ ಬಂದು ಹೋಗುವ ಹುಡುಗಿಗೆ ರೂಮಿಲ್ಲ, ಮೆಸ್ಸಿಲ್ಲ, ಬಸ್ಸಿನ ಖರ್ಚೂ ಇಲ್ಲ. ಅಮ್ಮಿ ಕಟ್ಟಿಕೊಟ್ಟ ಡಬ್ಬಿ ಸಾಕು. ನಾನು ಮೊದಲು ಹಾಕಿದ 70,000ದ ಲೆಕ್ಕ ಅವಳ ಪಾಲಿಗೆ ಕೆಲವು ಸಾವಿರಕ್ಕೆ ಇಳಿಯುತ್ತದೆ. ಬೀದರಿನಲ್ಲಿ ಎಂಜಿನಿಯರಿಂಗ್ ಇದೆ, ಸರಕಾರಿ ವೈದ್ಯಕೀಯ ಕಾಲೇಜು ಇದೆ, ಪಶುವೈದ್ಯಕೀಯ ವಿಶ್ವವಿದ್ಯಾಲಯ ಇದೆ, ಪದವಿ ಕಾಲೇಜುಗಳಂತೂ ಸಾಕಷ್ಟಿವೆ. ಬಸ್ಸಿನಲ್ಲಿ ಕಳೆಯುವ ಎರಡು ಮೂರು ತಾಸು ಮಾತ್ರ ಪುಕ್ಕಟೆ ಅಲ್ಲ. ಗ್ರಂಥಾಲಯದಲ್ಲಿ ಕೂರುವ ಹೊತ್ತು ಅದರಲ್ಲೇ ಹೋಗುತ್ತದೆ. ಪರೀಕ್ಷೆಯ ತಿಂಗಳಿಗಾದರೂ ಊರಲ್ಲಿ ಯಾರದಾದರೂ ಮನೆಯಲ್ಲಿ ಉಳಿಯುವ ವ್ಯವಸ್ಥೆ ಬೇಕು.

ಕಲಬುರಗಿಗೆ ಹೋಗುವ ಹುಡುಗಿಗೂ ಬಸ್ಸು ಹಾಗೆಯೇ. 2017ರ ಅಕ್ಟೋಬರಿನಿಂದ ಬೀದರ್-ಕಲಬುರಗಿ ರೈಲು ಮಾರ್ಗವೂ ಇದೆ, ಸುಮಾರು 110 ಕಿಲೋಮೀಟರು. ಮಗಳು ಪ್ರತಿ ವಾರ ಮನೆಗೆ ಬರಬಹುದು. ಆದರೂ ಮನೆಯಲ್ಲಿ ನಡೆಯುವ ಮಾತು ಬೇರೆ. ಮಗನಿಗೆ ತಿಂಗಳಿಗೆ ಏಳು ಸಾವಿರ ಕಳಿಸುವುದು ಅವನ ಮುಂದಿನ ಬದುಕಿಗೆ ಹಾಕಿದ ಬಂಡವಾಳ. ಮಗಳಿಗೆ ಕಳಿಸಿದರೆ ಖರ್ಚು. ಶಾದಿ ಮಹಲಿನ ಒಂದು ದಿನದ ಬಾಡಿಗೆ, ದೇಗುಗಟ್ಟಲೆ ಬಿರಿಯಾನಿ ಇವು ಮಾತ್ರ ಖರ್ಚಲ್ಲ, ಇಜ್ಜತ್ತು. ತಾಯಂದಿರಿಗೆ ನಾನು ಒಂದೇ ವಿನಂತಿ ಮಾಡುತ್ತೇನೆ. ಮಗಳ ಮದುವೆಗೆಂದು ನೀವು ಚೀಟಿ ಹಾಕುತ್ತೀರಲ್ಲ, ಅದರಲ್ಲಿ ಹತ್ತು ತಿಂಗಳ ಮೆಸ್ಸು ಎಷ್ಟು ಸಲ ಬರುತ್ತದೆ ಎಂದು ಒಮ್ಮೆ ಭಾಗಿಸಿ ನೋಡಿ. ನೋಡಿ ಆಮೇಲೆ ನಿಮ್ಮ ಇಷ್ಟ.

ಸರಕಾರದ ನೆರವು ಏನಿದೆ ಎಂದು ಕೇಳುತ್ತೀರಿ. ಅಲ್ಪಸಂಖ್ಯಾತರ ಕಲ್ಯಾಣ ಇಲಾಖೆಯ ಮೆಟ್ರಿಕ್ ನಂತರದ ವಿದ್ಯಾರ್ಥಿ ನಿಲಯಗಳಿವೆ. ಅಲ್ಲಿ ಊಟ ವಸತಿ ಉಚಿತ. ಒಂದು ಹಾಸ್ಟೆಲ್ ಸೀಟು ಸಿಕ್ಕಿತೆಂದರೆ, ನಮ್ಮ ಲೆಕ್ಕದ ಪ್ರಕಾರ, ವರ್ಷಕ್ಕೆ 50,000ಕ್ಕೂ ಹೆಚ್ಚು ಉಳಿಯಿತು. ಇಷ್ಟು ದೊಡ್ಡ ಸ್ಕಾಲರ್‌ಶಿಪ್ಪು ಬೇರೆ ಯಾವುದಿದೆ? ಆದರೂ ಕಾಲೇಜಿನ ಅರ್ಜಿಯನ್ನು ಮೊದಲ ದಿನ ಹಾಕಿ ಹಾಸ್ಟೆಲಿನ ಅರ್ಜಿಯನ್ನು ಮರೆಯುವವರೇ ಹೆಚ್ಚು. ಹಾಸ್ಟೆಲ್ ಸಿಗದವರಿಗೆ ಊಟ ವಸತಿ ನೆರವಿನ ವಿದ್ಯಾಸಿರಿ ಯೋಜನೆ ಇದೆ. ಅದು ಆರಂಭವಾದಾಗ ತಿಂಗಳಿಗೆ 1,500ರಂತೆ 10 ತಿಂಗಳಿಗೆ 15,000 ನಿಗದಿಯಾಗಿತ್ತು. ದಿನಕ್ಕೆ 50 ರೂಪಾಯಿ. 50 ರೂಪಾಯಿಯಲ್ಲಿ ಊಟವೂ ಆಗಬೇಕು, ರೂಮೂ ಆಗಬೇಕು ಎಂದರೆ ನೀವೇ ಯೋಚಿಸಿ. ಆದರೆ ಇಲ್ಲದ್ದಕ್ಕಿಂತ ಇದ್ದದ್ದು ಮೇಲು, ಅರ್ಜಿ ಹಾಕದೆ ಬಿಡುವುದು ತಪ್ಪು. ಈಗಿನ ಮೊತ್ತ, ಅರ್ಹತೆ, ಕೊನೆಯ ದಿನಾಂಕವನ್ನು ಇಲಾಖೆಯ ಜಿಲ್ಲಾ ಕಚೇರಿಯಲ್ಲಿ ಕೇಳಿ, ಸೈಬರ್ ಕೆಫೆಯವನನ್ನಲ್ಲ. ವೃತ್ತಿಪರ ಕೋರ್ಸುಗಳಿಗೆ ಅಲ್ಪಸಂಖ್ಯಾತರ ಅಭಿವೃದ್ಧಿ ನಿಗಮದ ಅರಿವು ಸಾಲ ಇದೆ.

ಸಾಲ ಎಂದಾಗ ವಿದ್ಯಾರ್ಥಿಗಳಿಗೆ ಒಂದು ಎಚ್ಚರಿಕೆ. ತಿಂಗಳ ಕೊನೆಯ ವಾರದಲ್ಲಿ ಮೊಬೈಲಿನಲ್ಲಿ ಐದು ನಿಮಿಷಕ್ಕೆ ಸಾಲ ಕೊಡುವ ಆ್ಯಪುಗಳು ನಿಮ್ಮನ್ನು ಕರೆಯುತ್ತವೆ. ಎರಡು ಸಾವಿರ ಕೊಟ್ಟು ನಿಮ್ಮ ಫೋನಿನಲ್ಲಿರುವ ಹೆಸರುಗಳನ್ನೆಲ್ಲಾ ಎತ್ತಿಕೊಂಡು, ತಡವಾದರೆ ನಿಮ್ಮ ಖಾಲಾಗೂ ನಿಮ್ಮ ಪ್ರಿನ್ಸಿಪಾಲರಿಗೂ ಫೋನು ಮಾಡಿದ ಪ್ರಕರಣಗಳು ದೇಶದ ತುಂಬ ನಡೆದವು. 2022ರಲ್ಲಿ ರಿಜರ್ವ್ ಬ್ಯಾಂಕು ಡಿಜಿಟಲ್ ಸಾಲಗಳಿಗೆ ನಿಯಮ ತರಬೇಕಾಯಿತು. ಸೂದಿನ ಮಾತು ಒಂದು ಕಡೆ ಇರಲಿ, ಅದು ನಿಮಗೆ ಗೊತ್ತೇ ಇದೆ. ದುಡ್ಡು ಮುಗಿದರೆ ಮನೆಗೆ ಹೇಳಿ. ಅಬ್ಬಾ ಗದರಬಹುದು, ಆದರೆ ಅಬ್ಬಾನ ಗದರಿಕೆಗೆ ಬಡ್ಡಿ ಇಲ್ಲ.

ಮತ್ತೆ ಒಂದು ಚಿಕ್ಕ ನೋಟ್‌ಬುಕ್ ಇಡಿ. ದಿನಾ ರಾತ್ರಿ ಇಶಾ ಆದ ಮೇಲೆ ಎರಡು ನಿಮಿಷ ಸಾಕು. ಬಾಡಿಗೆ ಮತ್ತು ಮೆಸ್ಸನ್ನು ತಿಂಗಳ ಮೊದಲ ದಿನವೇ ಕೊಟ್ಟುಬಿಡಿ, ಉಳಿದದ್ದನ್ನು ನಾಲ್ಕು ವಾರಕ್ಕೆ ನಾಲ್ಕು ಲಕೋಟೆ ಮಾಡಿ. ಮೂವರು ಕೂಡಿ ಅಡುಗೆ ಮಾಡಿಕೊಂಡರೆ ಮೆಸ್ಸಿಗಿಂತ ಅಗ್ಗ, ಹುಡುಗರಿಗೆ ಅನ್ನ ಬೇಳೆ ಮಾಡಲು ಬರಬೇಕಷ್ಟೆ. ಮಗನಿಗೆ ಹತ್ತನೇ ತರಗತಿಯ ರಜೆಯಲ್ಲಿ ಅಡುಗೆ ಕಲಿಸಿ ಎಂದು ತಾಯಂದಿರಿಗೆ ಹೇಳಿದರೆ ನಗುತ್ತಾರೆ. ಕಲಿತವನು ತಿಂಗಳಿಗೆ ಸಾವಿರ ರೂಪಾಯಿಯಾದರೂ ಉಳಿಸಿಕೊಳ್ಳುತ್ತಾನೆ, ಇದು ನಗುವ ಮಾತಲ್ಲ.

ಕೊನೆಯದಾಗಿ ನಮ್ಮ ಸಂಸ್ಥೆಯ ಪದಾಧಿಕಾರಿಗಳಿಗೆ ಒಂದು ಸಲಹೆ. ಕಿರಿಯ ಸದಸ್ಯರ ಮಾತೆಂದು ಬದಿಗಿಡದೆ ಕಾರ್ಯಕಾರಿ ಸಮಿತಿಯ ಮುಂದೆ ಇಡಬೇಕೆಂದು ಕೋರುತ್ತೇನೆ. ನಾವು ಪ್ರತಿ ವರ್ಷ ಜೂನ್-ಜುಲೈನಲ್ಲಿ ಹೆಚ್ಚು ಮಕ್ಕಳಿಗೆ ಸ್ವಲ್ಪ ಸ್ವಲ್ಪ ಫೀಸಿನ ನೆರವು ಕೊಡುತ್ತೇವೆ. ವೇದಿಕೆಯ ಮೇಲೆ ಚೆಕ್ಕು ಕೊಡುವುದು, ಫೋಟೊ, ಈ ಸಂಚಿಕೆಯಲ್ಲಿ ಹೆಸರು. ಒಳ್ಳೆಯದೇ. ಆದರೆ ಮಗು ಮುರಿದು ಬೀಳುವುದು ಜುಲೈನಲ್ಲಲ್ಲ, ನವೆಂಬರಿನಲ್ಲಿ, ಫೆಬ್ರುವರಿಯಲ್ಲಿ. ಆಗ ನಮ್ಮ ಹತ್ತಿರ ಏನೂ ಇರುವುದಿಲ್ಲ. ನೆರವಿನ ಅರ್ಧವನ್ನಾದರೂ ಜುಲೈನಲ್ಲಿ ಹಂಚದೆ ಉಳಿಸಿ, ಬಾಡಿಗೆ ಮತ್ತು ಮೆಸ್ಸಿಗೆಂದು ನಡುವರ್ಷದಲ್ಲಿ ಕೊಡುವಂತಾಗಬೇಕು. ಹುಡುಗನ ಕೈಗೆ ಬೇಡ, ಮೆಸ್ಸಿನವರಿಗೇ ಕೊಡಿ. ಜಕಾತಿನ ಎಂಟು ಬಾಬುಗಳಲ್ಲಿ ಸಾಲದಲ್ಲಿ ಸಿಕ್ಕವರೂ ಇದ್ದಾರೆ, ದಾರಿಯಲ್ಲಿರುವ ಮುಸಾಫಿರರೂ ಇದ್ದಾರೆ. ಪರಊರಿನ ಬಡ ವಿದ್ಯಾರ್ಥಿ ಯಾವ ಬಾಬಿನಲ್ಲಿ ಬರುತ್ತಾನೆ, ಹೇಗೆ ಕೊಡಬೇಕು ಎಂಬ ಮಸಲೆಯನ್ನು ಆಲಿಮರಲ್ಲಿ ಕೇಳಿ ನಿರ್ಧರಿಸಬಹುದು, ಅದು ನನ್ನ ಕ್ಷೇತ್ರವಲ್ಲ.

ಇನ್ನೊಂದು, ನಮ್ಮ ಅರ್ಜಿ ನಮೂನೆ. ಅದರಲ್ಲಿ ಅಂಕಪಟ್ಟಿ ಕೇಳುತ್ತೇವೆ, ಆದಾಯ ಪ್ರಮಾಣಪತ್ರ ಕೇಳುತ್ತೇವೆ, ಫೀಸಿನ ರಸೀದಿ ಕೇಳುತ್ತೇವೆ. ಎಲ್ಲಿ ಉಳಿದುಕೊಳ್ಳುತ್ತೀ ಎಂಬ ಕಾಲಮ್ಮೇ ಇಲ್ಲ. ಈ ಮಾರ್ಚಿನಲ್ಲಿ ಹೊಸ ನಮೂನೆ ಅಚ್ಚಾಗುವ ಮೊದಲು ಮೂರು ಸಾಲು ಸೇರಿಸಿ: ಇರುವುದು ಎಲ್ಲಿ, ತಿಂಗಳಿಗೆ ಎಷ್ಟು, ಮೊದಲ ಮೂರು ತಿಂಗಳ ನಂತರ ಕೊಡುವವರು ಯಾರು. ಮೂರನೇ ಸಾಲನ್ನು ಖಾಲಿ ಬಿಟ್ಟು ತಂದ ಮಗುವಿನ ಜೊತೆ ಅಂದೇ ಕೂತು ಮಾತಾಡಲು ಇಬ್ಬರು ಸದಸ್ಯರು ಬೇಕು. ಒಬ್ಬರು ನಾನಾಗಲು ಸಿದ್ಧ, ಇನ್ನೊಬ್ಬರ ಹೆಸರನ್ನು ಈ ಸಭೆ ಮುಗಿಯುವುದರೊಳಗೆ ಕಾರ್ಯದರ್ಶಿಯವರಲ್ಲಿ ಬರೆಸಬಹುದು.